ಗರಿಷ್ಠ–ಕನಿಷ್ಠ ಥರ್ಮಾಮೀಟರ್: ಮಾಗಿಯಿಂದ ಯುಗಾದಿವರೆಗೆ ಕೈತೋಟಕ್ಕೆ ಎಷ್ಟು ಉಪಯೋಗ?

‘ಯು’ ಆಕಾರದ ಗಾಜಿನ ಕೊಳವೆ, ಅದರೊಳಗೆ ಪಾದರಸ, ಎರಡೂ ಕಡೆ ಅಂಕಿಪಟ್ಟಿ. ಲ್ಯಾಬ್ ಸಾಮಾನು ಮಾರುವ ಅಂಗಡಿಗಳಲ್ಲಿ ಇದು ಸಿಗುತ್ತದೆ. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗಳ ಗೋಡೆಯಲ್ಲಿ ನೇತಾಡುವುದೂ ಇದೇ, ಕೋಳಿ ಫಾರಂಗಳಲ್ಲಿ ಇರುವುದೂ ಇದೇ. ಬೆಲೆ ಅಂಗಡಿಯಿಂದ ಅಂಗಡಿಗೆ ಏರುಪೇರು. ಸಾವಿರ ರೂಪಾಯಿ ಒಳಗೆ ಒಳ್ಳೆಯದೇ ಸಿಗುತ್ತದೆ. ಈಗ ಗಾರ್ಡನಿಂಗ್ ಸಾಮಾನಿನ ಜೊತೆಗೂ ಇದನ್ನು ಮಾರುತ್ತಿದ್ದಾರೆ. ಮನೆಯ ಹಿತ್ತಲಿಗೆ, ಟೆರೇಸಿನ ಕುಂಡಗಳಿಗೆ ಇದು ನಿಜವಾಗಿ ಬೇಕೇ ಅನ್ನುವುದು ಇಲ್ಲಿನ ಪ್ರಶ್ನೆ. ಇದರ ಪಕ್ಕದಲ್ಲೇ ಮಾರಾಟಕ್ಕಿರುವ ಡಿಜಿಟಲ್ ಥರ್ಮಾಮೀಟರ್, ಮಳೆ ಮಾಪಕ, ಗುಂಡಗಿನ ‘ವೆದರ್ ಸ್ಟೇಷನ್’ ಇವುಗಳನ್ನೂ ಜೊತೆಗೆ ನೋಡೋಣ.

ಬೇಕು ಅನ್ನುವುದಕ್ಕೆ ಒಂದು ಕಾರಣವನ್ನು ಮೊದಲೇ ಹೇಳಿಬಿಡಬಹುದು. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜನವರಿ–ಫೆಬ್ರವರಿ ಚಳಿಗಾಲ, ಮಾರ್ಚ್‌ನಿಂದ ಮೇ ಮುಂಗಾರುಪೂರ್ವ. ನಡುವೆ ವಸಂತ ಅನ್ನುವ ಮನೆಯೇ ಇಲ್ಲ. ಪಂಚಾಂಗದಲ್ಲಿ ಚೈತ್ರ–ವೈಶಾಖ ವಸಂತ ಋತು; ಆದರೆ ಬಯಲುಸೀಮೆಯಲ್ಲಿ ವೈಶಾಖವನ್ನು ವಸಂತ ಎಂದರೆ ಬಿಸಿಲಲ್ಲಿ ನಿಂತವರು ನಗುತ್ತಾರೆ. ತೋಟದ ಮಟ್ಟಿಗೆ ಇಲ್ಲಿನ ವಸಂತ ಸುಮಾರು ಒಂದು ತಿಂಗಳದ್ದು, ಹೆಚ್ಚೂಕಡಿಮೆ ಶಿವರಾತ್ರಿಯಿಂದ ಯುಗಾದಿವರೆಗೆ. ಆ ಒಂದು ತಿಂಗಳು ಯಾವತ್ತು ಶುರುವಾಯಿತು, ಯಾವತ್ತು ಮುಗಿಯಿತು ಎಂದು ಕಾಣುವುದು ದಿನದ ಅತಿ ತಂಪು ಮತ್ತು ಅತಿ ಬಿಸಿ ಎರಡನ್ನೂ ಒಟ್ಟಿಗೆ ಬರೆದಿಟ್ಟಾಗ. ಸಾಮಾನ್ಯ ಥರ್ಮಾಮೀಟರ್ ‘ಈಗ ಎಷ್ಟು’ ಎಂದಷ್ಟೇ ಹೇಳುತ್ತದೆ. ಇದು ಬೆಳಗಿನ ಜಾವ ನೀವು ಮಲಗಿದ್ದಾಗ ಎಷ್ಟಿತ್ತು, ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಎಷ್ಟಿತ್ತು ಎಂಬುದನ್ನು ಹಿಡಿದಿಟ್ಟುಕೊಂಡಿರುತ್ತದೆ.

ಉಪಕರಣ ಹೊಸದಲ್ಲ. ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಎಂಬಾತ 1782ರಲ್ಲಿ ಪ್ರಕಟಿಸಿದ ವಿನ್ಯಾಸವೇ ಹೆಚ್ಚು ಬದಲಾಗದೆ ಇಂದಿಗೂ ನಡೆದುಬಂದಿದೆ. ಎಡಗಡೆಯ ಬುರುಡೆಯ ತುಂಬ ಸ್ಪಿರಿಟ್ ಇರುತ್ತದೆ. ಬಿಸಿಯಾದಾಗ ಅದು ಹಿಗ್ಗಿ ಪಾದರಸವನ್ನು ಬಲಗಡೆಗೆ ತಳ್ಳುತ್ತದೆ; ತಣ್ಣಗಾದಾಗ ಕುಗ್ಗಿ ಎಡಗಡೆಗೆ ಎಳೆದುಕೊಳ್ಳುತ್ತದೆ. ಪಾದರಸದ ಎರಡೂ ತುದಿಗಳ ಮೇಲೆ ಒಂದೊಂದು ಸಣ್ಣ ಉಕ್ಕಿನ ಕಡ್ಡಿ. ಪಾದರಸ ಏರುವಾಗ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ, ಇಳಿಯುವಾಗ ಅದನ್ನು ಅಲ್ಲೇ ಬಿಟ್ಟು ಇಳಿಯುತ್ತದೆ. ಹೀಗಾಗಿ ಬಲಗಡೆ ಗರಿಷ್ಠ, ಎಡಗಡೆ ಕನಿಷ್ಠ. ಎಡಗಡೆಯ ಅಂಕಿಪಟ್ಟಿ ತಲೆಕೆಳಗು, ಮೇಲೆ ಹೋದಷ್ಟೂ ಚಳಿ. ಹೊಸಬರು ತಪ್ಪುವುದು ಇಲ್ಲೇ. ಇನ್ನೊಂದು ತಪ್ಪು, ಕಡ್ಡಿಯ ಮೇಲಿನ ತುದಿಯನ್ನು ಓದುವುದು. ಓದಬೇಕಾದದ್ದು ಕೆಳಗಿನ ತುದಿಯನ್ನು, ಅಂದರೆ ಪಾದರಸ ಮುಟ್ಟಿದ್ದ ಕಡೆಯನ್ನು. ಎರಡು ತುದಿಗಳ ನಡುವೆ ಕೆಲವು ಡಿಗ್ರಿಗಳಷ್ಟೇ ಅಂತರವಿದ್ದರೂ ಮೇಲಿನ ತುದಿ ಓದಿದವರ ಪುಸ್ತಕದಲ್ಲಿ ರಾತ್ರಿ ಇದ್ದುದಕ್ಕಿಂತ ಚಳಿಯಾಗಿ, ಹಗಲು ಇದ್ದುದಕ್ಕಿಂತ ಬಿಸಿಯಾಗಿ ಕೂತಿರುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಐದು ನಿಮಿಷ ನಿಂತು ನೋಡುವುದು ಒಳ್ಳೆಯದು. ಎರಡೂ ಕಡೆಯ ಪಾದರಸದ ತುದಿ ಈ ಕ್ಷಣದ ಉಷ್ಣಾಂಶವನ್ನೇ ತೋರಿಸಬೇಕು. ಎಡಬಲಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ನಡೆಯುತ್ತದೆ, ಎರಡಾದರೆ ಬೇಡ. ಪಾದರಸದ ಎಳೆ ಎಲ್ಲೂ ತುಂಡಾಗಿರಬಾರದು, ನಡುವೆ ಗುಳ್ಳೆ ಇರಬಾರದು. ಆಯಸ್ಕಾಂತ ಹಿಡಿದಾಗ ಕಡ್ಡಿಗಳು ಸಲೀಸಾಗಿ ಜಾರಬೇಕು. ಅಂಗಡಿಯಲ್ಲಿ ನಾಲ್ಕೈದು ಇದ್ದರೆ ಎಲ್ಲವನ್ನೂ ಪಕ್ಕಪಕ್ಕ ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ಹೆಚ್ಚಿನವು ಒಪ್ಪುವ ಅಂಕಿಯನ್ನು ತೋರಿಸುವುದನ್ನು ಆರಿಸಿ. ಅಂಗಡಿಯವರಿಗೆ ಸ್ವಲ್ಪ ಕಿರಿಕಿರಿ, ಆದರೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಕೊಳವೆಯನ್ನು ಹಲಗೆಗೆ ಬಿಗಿದಿರುವುದು ಎರಡು ಸಣ್ಣ ಕ್ಲಿಪ್ಪುಗಳು ಮಾತ್ರ. ಅವು ಸಡಿಲಾಗಿ ಕೊಳವೆ ಒಂದೆರಡು ಮಿಲಿಮೀಟರ್ ಜಾರಿದರೆ ಅಂಕಿಗಳೆಲ್ಲ ಒಂದೇ ಸಮನೆ ತಪ್ಪುತ್ತವೆ, ಗೊತ್ತೂ ಆಗುವುದಿಲ್ಲ. ಮನೆಗೆ ತಂದ ದಿನವೇ ಕೊಳವೆಗೂ ಹಲಗೆಗೂ ಸೇರಿಸಿ ಪರ್ಮನೆಂಟ್ ಮಾರ್ಕರ್‌ನಲ್ಲಿ ಒಂದು ಅಡ್ಡಗೆರೆ ಎಳೆದಿಡಿ. ಜಾರಿದರೆ ಗೆರೆ ಮುರಿದು ಕಾಣುತ್ತದೆ.

ತರುವಾಗ ನೆಟ್ಟಗೆ ಹಿಡಿದು ತರಬೇಕು. ಬ್ಯಾಗಿನಲ್ಲಿ ಅಡ್ಡ ಮಲಗಿಸಿ ಬೈಕಿನಲ್ಲಿ ಉಬ್ಬುತಗ್ಗು ದಾಟಿಸಿದರೆ ಎಳೆ ತುಂಡಾಗುವುದು ಸಾಮಾನ್ಯ, ಆನ್‌ಲೈನ್‌ನಲ್ಲಿ ತರಿಸಿದವರ ದೂರೂ ಹೆಚ್ಚಾಗಿ ಇದೇ. ಹಾಗಾದರೆ ಎಸೆಯಬೇಕಿಲ್ಲ. ಮೊದಲು ಆಯಸ್ಕಾಂತದಿಂದ ಕಡ್ಡಿಗಳನ್ನು ಪಾದರಸದಿಂದ ದೂರ ಮೇಲಕ್ಕೆ ಎಳೆದಿಡಿ. ಆಮೇಲೆ ಹಲಗೆಯ ಮೇಲ್ತುದಿಯನ್ನು ಗಟ್ಟಿಯಾಗಿ ಹಿಡಿದು, ಜ್ವರ ನೋಡುವ ಹಳೆಯ ಥರ್ಮಾಮೀಟರನ್ನು ಒದರುವಂತೆ ಕೆಳಮುಖವಾಗಿ ಒದರಿ. ನಾಲ್ಕಾರು ಸಲ ಮಾಡಿದರೆ ಎಳೆ ಕೂಡಿಕೊಳ್ಳುತ್ತದೆ. ಎರಡು ಕಡೆಯ ಅಂಕಿ ಮತ್ತೆ ಒಂದಾದವೇ ಎಂದು ನೋಡದೆ ತೂಗುಹಾಕಬೇಡಿ.

ಪ್ರತಿ ಸಲ ಓದಿದ ಮೇಲೆ ಕಡ್ಡಿಗಳನ್ನು ಮತ್ತೆ ಪಾದರಸಕ್ಕೆ ಮುಟ್ಟುವಂತೆ ಇಳಿಸಬೇಕು. ಇದಕ್ಕೆ ಮಾರುಕಟ್ಟೆಯಲ್ಲಿ ಎರಡು ಬಗೆ ಇವೆ: ಆಯಸ್ಕಾಂತದಿಂದ ಕಡ್ಡಿ ಇಳಿಸುವುದು, ಮಧ್ಯದ ಗುಂಡಿ ಒತ್ತಿದರೆ ಎರಡೂ ಕಡ್ಡಿ ಒಟ್ಟಿಗೆ ಬೀಳುವುದು. ಗುಂಡಿಯದ್ದೇ ಸುಲಭ ಎಂದು ಮಾರುವವರು ಹೇಳುತ್ತಾರೆ. ಅದು ನಿಜ. ಆದರೂ ಆಯಸ್ಕಾಂತದ್ದನ್ನೇ ಕೊಳ್ಳಿ, ಕಾರಣ ಹೀಗೆ. ಬೆಳಿಗ್ಗೆ ಏಳಕ್ಕೆ, ಇನ್ನೂ 15 ಡಿಗ್ರಿ ಇರುವಾಗ, ಎರಡೂ ಕಡ್ಡಿ ಇಳಿಸಿದಿರಿ ಎನ್ನಿ. ಮರುರಾತ್ರಿ ಮೋಡ ಕವಿದು 17ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆದರೆ ಎಡಗಡೆ ಕಡ್ಡಿ 15ರಲ್ಲೇ ನಿಂತಿರುತ್ತದೆ. ನಿನ್ನೆಯ ಚಳಿಯನ್ನೇ ಇವತ್ತಿನ ಲೆಕ್ಕಕ್ಕೂ ಬರೆದುಕೊಂಡಂತಾಯಿತು. ಸಂಜೆ ಬಿಸಿಯಿದ್ದಾಗ ಬಲಗಡೆಯದನ್ನು ಇಳಿಸಿದರೆ ಇದೇ ತಪ್ಪು ಗರಿಷ್ಠದಲ್ಲಿ. ಚಳಿ ಹೋಗುವ ಹೊತ್ತಿನಲ್ಲಿ, ಒಂದೊಂದು ರಾತ್ರಿಯ ಏರಿಳಿತವೇ ಮುಖ್ಯವಾದಾಗ, ಈ ತಪ್ಪು ಇಡೀ ಪುಸ್ತಕವನ್ನು ಕೆಡಿಸುತ್ತದೆ. ಆಯಸ್ಕಾಂತವಿದ್ದರೆ ಕನಿಷ್ಠದ ಕಡ್ಡಿಯನ್ನು ಸಂಜೆ, ಗರಿಷ್ಠದ ಕಡ್ಡಿಯನ್ನು ಬೆಳಿಗ್ಗೆ ಇಳಿಸಬಹುದು. ಗುಂಡಿಯದ್ದು ಈಗಾಗಲೇ ಕೊಂಡಿದ್ದರೆ ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಓದಿ ಒತ್ತಿ. ಆ ಹೊತ್ತಿಗೆ ಗಾಳಿ ರಾತ್ರಿಯ ತಂಪನ್ನು ಬಿಟ್ಟಿರುತ್ತದೆ, ಮಧ್ಯಾಹ್ನದ ಬಿಸಿಯಿಂದ ದೂರವಿರುತ್ತದೆ. ಆಗ ಸಿಕ್ಕ ಕನಿಷ್ಠ ಇವತ್ತಿನದು, ಗರಿಷ್ಠ ನಿನ್ನೆಯದು. ಗರಿಷ್ಠವನ್ನು ನಿನ್ನೆಯ ಸಾಲಿನಲ್ಲಿ ಬರೆಯಿರಿ. ಹವಾಮಾನ ಇಲಾಖೆಯ ಕೇಂದ್ರಗಳೂ ಬೆಳಗಿನ ಓದಿಗೆ 8.30ರ ಹೊತ್ತನ್ನು ಇಟ್ಟುಕೊಂಡಿವೆ.

ಇನ್ನು ಎಲ್ಲಿ ತೂಗುಹಾಕುವುದು. ಕೊಂಡ ಹಣ ಸಾರ್ಥಕವಾಗುವುದು, ವ್ಯರ್ಥವಾಗುವುದು ಇಲ್ಲೇ. ನೆಲದಿಂದ ನಾಲ್ಕರಿಂದ ಐದು ಅಡಿ ಎತ್ತರ, ಗಾಳಿಯಾಡುವ ನೆರಳು, ನೇರ ಬಿಸಿಲು ಒಂದು ಕ್ಷಣವೂ ಬೀಳಬಾರದು. ಗೋಡೆಗೆ ಅಂಟಿಸಬಾರದು, ನಡುವೆ ಎರಡು ಇಂಚಿನ ಮರದ ತುಂಡು ಕೊಟ್ಟು ಹಿಂದೆ ಗಾಳಿ ಸುಳಿಯುವಂತೆ ಬಿಡಬೇಕು. ಏಸಿಯ ಹೊರಗಿನ ಡಬ್ಬಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್, ಸೋಲಾರ್ ನೀರಿನ ಪೈಪು ಇವುಗಳ ಹತ್ತಿರ ಬೇಡ. ಟೆರೇಸಿನ ಕಾಂಕ್ರೀಟು ಹಗಲೆಲ್ಲ ಕಾವು ಹೀರಿ ರಾತ್ರಿಯಲ್ಲಿ ಬಿಡುತ್ತಿರುತ್ತದೆ. ಅಲ್ಲಿ ಕಟ್ಟಿದ ಥರ್ಮಾಮೀಟರ್ ಕುಂಡಗಳ ಕಷ್ಟವನ್ನು ಸರಿಯಾಗಿಯೇ ಹೇಳುತ್ತದೆ, ಊರಿನ ಹವೆಯನ್ನು ಹೇಳುವುದಿಲ್ಲ. ಎರಡನ್ನೂ ಬೆರೆಸಬೇಡಿ.

‘ಉತ್ತರದ ಗೋಡೆಗೆ ಹಾಕಿ, ಅಲ್ಲಿ ಸದಾ ನೆರಳು’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ದೂರದ ಉತ್ತರದ ದೇಶಗಳಿಗೆ ಒಪ್ಪುವ ಮಾತು. ನಮ್ಮಲ್ಲಿ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಸರಿ. ಮಾರ್ಚ್ 20–21ರ ನಂತರ ಸೂರ್ಯ ಹುಟ್ಟುವುದೂ ಮುಳುಗುವುದೂ ಪೂರ್ವ ಪಶ್ಚಿಮಗಳಿಂದ ಸ್ವಲ್ಪ ಉತ್ತರಕ್ಕೆ ಸರಿಯುತ್ತದೆ. ಬೆಳಿಗ್ಗೆ ಸಂಜೆಯ ಓರೆ ಬಿಸಿಲು ಉತ್ತರದ ಗೋಡೆಯನ್ನು ಸವರತೊಡಗುತ್ತದೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಏಪ್ರಿಲ್ 24–25ರ ಹೊತ್ತಿಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ, ಆಮೇಲೆ ಆಗಸ್ಟ್‌ವರೆಗೆ ನೆತ್ತಿಗಿಂತ ಉತ್ತರಕ್ಕೆ. ಬೀದರ್‌ಗೆ ಇದೇ ಘಟ್ಟ ಮೇ ಎರಡನೇ ವಾರದಲ್ಲಿ ಬರುತ್ತದೆ. ಮಾರ್ಚ್ ಕೊನೆಯಲ್ಲಿ ‘ಅಬ್ಬಾ, ಒಂದೇ ವಾರದಲ್ಲಿ ನಾಲ್ಕು ಡಿಗ್ರಿ ಏರಿತು’ ಅನ್ನಿಸಿದರೆ, ಬೇಸಿಗೆಯನ್ನು ಬಯ್ಯುವ ಮೊದಲು ಸಂಜೆ ಐದೂವರೆಗೆ ಹೋಗಿ ಥರ್ಮಾಮೀಟರಿನ ಮೇಲೆ ಬಿಸಿಲು ಬಿದ್ದಿದೆಯೇ ನೋಡಿ. ಆಳವಾದ ಸಜ್ಜಾದ ಕೆಳಗೆ, ಅಥವಾ ಬಾಗಿಲು ಉತ್ತರಕ್ಕಿರುವ, ಪಟ್ಟಿಪಟ್ಟಿ ಕಿಂಡಿಗಳ ಬಿಳಿ ಬಣ್ಣದ ಮರದ ಪೆಟ್ಟಿಗೆಯಲ್ಲಿ ಇಟ್ಟರೆ ಈ ತೊಂದರೆ ಇಲ್ಲ. ಬಡಗಿಗೆ ಹಳೆಯ ಲೂವರ್ ಕಿಟಕಿ ತೋರಿಸಿ ‘ಹೀಗೇ ನಾಲ್ಕೂ ಕಡೆ’ ಎಂದರೆ ಸಾಕು. ಮೇಲಿನ ಮುಚ್ಚಳ ಎರಡು ಪದರದ್ದಿರಲಿ, ನಡುವೆ ಗಾಳಿ ಇರಲಿ.

ಹೀಗೆ ಸರಿಯಾಗಿ ಕಟ್ಟಿದ ಮೇಲೆ ಏನು ಕಾಣುತ್ತದೆ? ಬೆಂಗಳೂರಿನ ದೀರ್ಘಕಾಲದ ಸರಾಸರಿಯಲ್ಲಿ ಜನವರಿಯ ರಾತ್ರಿ ಸುಮಾರು 16, ಹಗಲು 28. ಮಾರ್ಚ್‌ನಲ್ಲಿ 20 ಮತ್ತು 33. ಏಪ್ರಿಲ್‌ನಲ್ಲಿ 22 ಮತ್ತು 34. ತುದಿಗಳು ಬೇರೆ: 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು, 2016ರ ಏಪ್ರಿಲ್ 24ರಂದು 39.2ಕ್ಕೆ ಏರಿತ್ತು. ಆದರೆ ತೋಟದವರು ನೋಡಬೇಕಾದದ್ದು ಎರಡು ಅಂಕಿಗಳ ನಡುವಿನ ಅಂತರವನ್ನು. ಚಳಿ ಕಳೆಯುವಾಗ ಮೊದಲು ಏರುವುದು ಹಗಲು. ರಾತ್ರಿ ಹಿಂದೆ ಉಳಿಯುತ್ತದೆ. ಆಕಾಶ ಶುಭ್ರ, ಗಾಳಿ ಒಣ, ಭೂಮಿಯ ಕಾವೆಲ್ಲ ರಾತ್ರಿ ಮೇಲೆ ಹೋಗಿಬಿಡುತ್ತದೆ. ಹಾಗಾಗಿ ಫೆಬ್ರವರಿ–ಮಾರ್ಚ್‌ನಲ್ಲಿ ಅಂತರ ವರ್ಷದಲ್ಲೇ ಅತಿ ಹೆಚ್ಚು, ಸರಾಸರಿ 13ರ ಆಸುಪಾಸು. ಕೆಲವು ದಿನ 16–17. ಜುಲೈಯಲ್ಲಿ ಇದೇ ಅಂತರ ಎಂಟಕ್ಕೆ ಇಳಿದಿರುತ್ತದೆ. ಅಂತರ ಅಗಲವಾಗತೊಡಗಿ ಎಲೆಗಳ ಮೇಲೆ ಇಬ್ಬನಿ ಬೀಳುವುದು ನಿಂತಿತೆಂದರೆ ಮಾಗಿ ಮುಗಿಯಿತು. ಆಮೇಲೊಂದು ದಿನ ಹಗಲು ಅಷ್ಟೇ ಇದ್ದು ರಾತ್ರಿಯ ಅಂಕಿ ಮಾತ್ರ ಎರಡು ಮೂರು ಡಿಗ್ರಿ ಜಿಗಿಯುತ್ತದೆ. ತೇವ ಬರತೊಡಗಿತು, ಮಳೆಯ ಮೋಡ ಕಟ್ಟುವ ಕಾಲ ಹತ್ತಿರ ಬಂತು ಎಂದು ಅರ್ಥ. ಈ ಎರಡು ಗುರುತುಗಳ ನಡುವಿನದು ವಸಂತ.

‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ’ ಎಂಬ ಮಾತನ್ನು ಥರ್ಮಾಮೀಟರ್ ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಶಿವರಾತ್ರಿ ಚಾಂದ್ರಮಾನದ ಹಬ್ಬ. 2025ರಲ್ಲಿ ಅದು ಫೆಬ್ರವರಿ 26ಕ್ಕೆ ಬಂತು, 2026ರಲ್ಲಿ ಫೆಬ್ರವರಿ 15ಕ್ಕೆ. ಸೂರ್ಯ ಹಬ್ಬದ ಜೊತೆ ಹನ್ನೊಂದು ದಿನ ಹಿಂದೆ ಬರುವುದಿಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸುವವರು ಇಂಗ್ಲಿಷ್ ತಾರೀಕನ್ನೋ ಮಳೆ ನಕ್ಷತ್ರವನ್ನೋ ಹಿಡಿಯುವುದು ವಾಸಿ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು. ಅಶ್ವಿನಿ ಪ್ರತಿ ವರ್ಷ ಏಪ್ರಿಲ್ 13–14ಕ್ಕೇ ಹುಟ್ಟುತ್ತದೆ. ಹಳಬರು ಮಳೆಯನ್ನು ಹಬ್ಬದ ಲೆಕ್ಕದಲ್ಲಿ ಹೇಳದೆ ನಕ್ಷತ್ರದ ಲೆಕ್ಕದಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಕರಾವಳಿಯವರಿಗೆ ಈ ಅಂತರದ ಲೆಕ್ಕ ಬೇರೆ ಥರ. ಮಂಗಳೂರಿನಲ್ಲಿ ಜನವರಿಯ ಹಗಲೇ 33ರ ಹತ್ತಿರ, ಏಪ್ರಿಲ್‌ನಲ್ಲಿ 34. ಹಗಲಿನ ಅಂಕಿ ನೋಡಿದರೆ ಋತು ಬದಲಾದದ್ದೇ ಗೊತ್ತಾಗುವುದಿಲ್ಲ. ಬದಲಾಗುವುದು ರಾತ್ರಿ: 21ರಿಂದ 25ರ ಹತ್ತಿರಕ್ಕೆ. ಅಲ್ಲಿ ಎಡಗಡೆಯ ಕಡ್ಡಿ ಒಂದನ್ನೇ ಓದಿದರೂ ಸಾಕು.

ಈಗ ತೋಟಕ್ಕೆ ಬರೋಣ. ಅಂಕಿ ಬರೆದ ಸಾಲಿನಲ್ಲೇ ಗಿಡದ ಸುದ್ದಿಯನ್ನೂ ಬರೆಯದಿದ್ದರೆ ಈ ಉಪಕರಣ ಅರ್ಧ ಕೆಲಸ ಮಾತ್ರ ಮಾಡುತ್ತದೆ. ನೂರು ಪುಟದ ಒಂದು ನೋಟ್‌ಬುಕ್ಕು. ತಾರೀಕು, ಕನಿಷ್ಠ, ಗರಿಷ್ಠ, ಅಂತರ, ಮಳೆ, ಇಬ್ಬನಿ ಇತ್ತೇ ಇಲ್ಲವೇ, ಕೊನೆಗೆ ಗಿಡ. ಗಿಡ ಐದೇ ಇರಲಿ, ಪ್ರತಿ ವರ್ಷ ಅದೇ ಗಿಡಗಳಿರಲಿ. ‘ಬೀದಿಯ ಹೊಂಗೆ ಚಿಗುರಿತು’ ಎಂದು ಬರೆದರೆ ಪ್ರಯೋಜನವಿಲ್ಲ, ಪಕ್ಕಪಕ್ಕದ ಎರಡು ಹೊಂಗೆಗಳ ನಡುವೆಯೇ ಹತ್ತು ದಿನ ವ್ಯತ್ಯಾಸವಿರುತ್ತದೆ. ಇದೇ ಮರ, ಇದೇ ಕೊಂಬೆ ಎಂದು ಗುರುತಿಟ್ಟುಕೊಳ್ಳಿ. ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಯ ಪದ್ಧತಿ ಇದಕ್ಕೆ ಒಳ್ಳೆಯ ಮಾದರಿ: ಒಂದೇ ಮರವನ್ನು ವಾರಕ್ಕೊಮ್ಮೆ ನೋಡಿ, ಎಲೆ, ಹೂ, ಕಾಯಿ ಪ್ರತಿಯೊಂದೂ ಇಲ್ಲ, ಕಡಿಮೆ, ಹೆಚ್ಚು ಎಂದಷ್ಟೇ ಬರೆಯುವುದು. ಶೇಕಡಾ ಎಷ್ಟು ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಹಾಗಾಗಿ ನಿಂತುಹೋಗುವುದೂ ಕಡಿಮೆ.

ಯಾವ ಐದು? ಮಾವು ಇರಲೇಬೇಕು. ರಾತ್ರಿ 15ರ ಸುತ್ತ, ಬೆಳಿಗ್ಗೆ ಇಬ್ಬನಿ ಇದ್ದರೆ ಹೂಗೊಂಚಲಿಗೆ ಬೂದಿ ರೋಗ ಬರುವ ಹೊತ್ತು ಅದೇ. ನೀರಿನಲ್ಲಿ ಕರಗುವ ಗಂಧಕದ ಪುಡಿಯನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ ಹೊಡೆಯುವುದು ವಾಡಿಕೆ. ಇಲ್ಲಿ ಬಲಗಡೆಯ ಕಡ್ಡಿಗೂ ಕೆಲಸವಿದೆ: ಹಗಲು 32 ದಾಟುತ್ತಿದ್ದರೆ ಗಂಧಕ ಎಲೆಯನ್ನೇ ಸುಡುತ್ತದೆ. ಜನವರಿಯಲ್ಲಿ ಗುಣ ಮಾಡಿದ ಔಷಧಿ ಮಾರ್ಚ್‌ನಲ್ಲಿ ಗುಲಾಬಿಯನ್ನು ಕಮರಿಸಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಹೊಂಗೆಯೂ ಇರಲಿ. ಫೆಬ್ರವರಿ–ಮಾರ್ಚ್‌ನಲ್ಲಿ ಅದು ಎಲೆಯೆಲ್ಲ ಉದುರಿಸಿ, ಕೆಲವೇ ದಿನಗಳಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಚಿಗುರು ಹೊರುತ್ತದೆ. ಉದುರಿದ್ದನ್ನು ಗುಡಿಸಿ ಸುಡಬೇಡಿ. ಗಿಡದ ಬುಡಕ್ಕೆ ಎರಡು ಇಂಚು ದಪ್ಪ ಹಾಸಿದರೆ ಮುಂದಿನ ಎರಡು ತಿಂಗಳ ನೀರು ಉಳಿಯುತ್ತದೆ. ಬೇವು ಯುಗಾದಿ ಹೊತ್ತಿಗೆ ಹೂ ಬಿಡುತ್ತದೆ. ಅರಳಿ ತಾಮ್ರದ ಬಣ್ಣದ ಎಲೆ ತೋರಿಸುತ್ತದೆ. ದುಂಡುಮಲ್ಲಿಗೆ ಐದನೆಯದು, ತೋಟದವರಿಗೆ ಅತಿ ನೇರವಾಗಿ ಉತ್ತರ ಕೊಡುವುದು ಇದೇ. ಚಳಿಯಲ್ಲಿ ಸುಮ್ಮನಿದ್ದ ಗಿಡವನ್ನು ಡಿಸೆಂಬರ್–ಜನವರಿಯಲ್ಲಿ ಸವರಿ ಗೊಬ್ಬರ ಕೊಟ್ಟಿದ್ದರೆ, ರಾತ್ರಿ ಬೆಚ್ಚಗಾಗುತ್ತಿದ್ದಂತೆ ಚಿಗುರು, ಚಿಗುರಿನ ತುದಿಯಲ್ಲಿ ಮೊಗ್ಗು. ಸವರದೆ ಬಿಟ್ಟ ಗಿಡ ಎಲೆ ಮಾತ್ರ ತೋರಿಸಿ ನಿಮ್ಮ ಪುಸ್ತಕವನ್ನು ದಾರಿ ತಪ್ಪಿಸುತ್ತದೆ.

ತರಕಾರಿ ಬೆಳೆಯುವವರಿಗೆ ಎಡಗಡೆಯ ಕಡ್ಡಿ ಸತತ ಐದು ರಾತ್ರಿ 18ಕ್ಕಿಂತ ಹೆಚ್ಚು ತೋರಿಸಿದರೆ ಬೆಂಡೆ, ಹೀರೆ, ಸೌತೆ ಬೀಜ ಹಾಕಬಹುದು. ಅದಕ್ಕೂ ಮೊದಲು ಹಾಕಿದರೆ ಬೀಜ ತಣ್ಣನೆಯ ಮಣ್ಣಿನಲ್ಲಿ ಮಲಗಿ ಕೊಳೆಯುತ್ತದೆ, ಬೀಜ ಮಾರಿದವನಿಗೆ ಕೆಟ್ಟ ಹೆಸರು. ಹಗಲು 32 ದಾಟಿದರೆ ಕೊತ್ತಂಬರಿ, ಲೆಟ್ಯೂಸ್ ಹೂಕಡ್ಡಿ ಎತ್ತುತ್ತವೆ. ಆಗ ಶೇ 50ರ ನೆರಳು ಬಲೆ ಕಟ್ಟಿದರೂ ತಡೆಯುವುದು ಹದಿನೈದು ದಿನ ಮಾತ್ರ. ಟೊಮೇಟೊ ಹೂ ಉದುರುತ್ತಿದೆ ಎಂದು ಗೊಬ್ಬರ ಸುರಿಯುವ ಮುನ್ನ ರಾತ್ರಿಯ ಅಂಕಿ ನೋಡಿ: ಹಗಲು 35, ರಾತ್ರಿ 22ರ ಮೇಲೆ ನಿಂತಿದ್ದರೆ ಕಾರಣ ಗೊಬ್ಬರವಲ್ಲ, ಪರಾಗವೇ ಕೆಟ್ಟಿರುತ್ತದೆ. ಅಂತರ 15 ದಾಟಿ ಇಬ್ಬನಿ ಇಲ್ಲದ ವಾರಗಳು ಕೆಂಪು ನುಸಿಯ ಹಬ್ಬ. ಗುಲಾಬಿ, ಬದನೆ ಎಲೆಯ ಅಡಿಗೆ ಬೆಳಿಗ್ಗೆ ಬರೀ ನೀರನ್ನು ರಭಸದಿಂದ ಹೊಡೆದರೂ ಅರ್ಧ ಹಾವಳಿ ಇಳಿಯುತ್ತದೆ. ಟೆರೇಸಿನ ಹನ್ನೆರಡು ಇಂಚಿನ ಕುಂಡಕ್ಕೆ ಜನವರಿಯಲ್ಲಿ ದಿನ ಬಿಟ್ಟು ದಿನ ಒಂದು ಲೀಟರ್ ಸಾಕಾಗುತ್ತಿದ್ದುದು ಮಾರ್ಚ್ ಹೊತ್ತಿಗೆ ದಿನಾ ಒಂದರಿಂದ ಒಂದೂವರೆ ಲೀಟರ್ ಆಗುತ್ತದೆ. ಕಪ್ಪು ಗ್ರೋಬ್ಯಾಗ್ ಇದ್ದರೆ ಇನ್ನೂ ಹೆಚ್ಚು.

ಡಿಜಿಟಲ್ ಥರ್ಮಾಮೀಟರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉದ್ದ ವೈರಿನ ತುದಿಯಲ್ಲಿ ಸೆನ್ಸರ್ ಇರುವುದು ಮನೆಯೊಳಗೆ ಕೂತು ಓದಲು ಅನುಕೂಲ, ಪಾದರಸವಿಲ್ಲ, ಬೆಲೆಯೂ ಕಡಿಮೆ. ಪುಡಿಮಾಡಿದ ಐಸಿಗೆ ಸ್ವಲ್ಪವೇ ನೀರು ಬೆರೆಸಿ ಸೆನ್ಸರ್ ತುದಿಯನ್ನು ಐದು ನಿಮಿಷ ಅದ್ದಿದರೆ ಸೊನ್ನೆ ತೋರಿಸಬೇಕು; ಒಂದು ಡಿಗ್ರಿ ಆಚೀಚೆ ಸಹಜ, ಅಷ್ಟನ್ನು ಪ್ರತಿ ದಿನ ಕಳೆಯಿರಿ ಅಥವಾ ಕೂಡಿಸಿ. ಕೊಳ್ಳುವ ಮೊದಲು ಅದರ ನೆನಪು ಹೇಗೆ ಕೆಲಸ ಮಾಡುತ್ತದೆಂದು ಕೇಳಿ. ಕೆಲವು ಮಧ್ಯರಾತ್ರಿ ಹನ್ನೆರಡಕ್ಕೆ ತಾವೇ ಅಳಿಸಿಕೊಳ್ಳುತ್ತವೆ. ಕೆಲವು ನೀವು ಒತ್ತುವವರೆಗೆ ಹಿಡಿದಿರುತ್ತವೆ. ಎರಡನೆಯದೇ ಬೇಕು. ಬ್ಯಾಟರಿ ಬದಲಿಸಿದ ದಿನದ ಅಂಕಿ ಹೋದಂತೆಯೇ. ಇದರ ಸಣ್ಣ ಸೆನ್ಸರ್‌ಗೆ ಬಿಸಿಲಿನ ಒಂದು ಚೂರು ತಗುಲಿದರೂ ಅಂಕಿ ಹಾರುತ್ತದೆ, ಆದ್ದರಿಂದ ನೆರಳು ಗೂಡು ಕಡ್ಡಾಯ: ಆರಿಂಚಿನ ಆರು ಬಿಳಿ ಪ್ಲಾಸ್ಟಿಕ್ ಕುಂಡತಟ್ಟೆಗಳನ್ನು ಬೋರಲು ಹಾಕಿ, ಮೇಲಿನ ಎರಡನ್ನು ಹಾಗೇ ಬಿಟ್ಟು ಉಳಿದ ನಾಲ್ಕರ ನಡುವೆ ಮೂರಿಂಚಿನ ತೂತು ಕೊರೆದು, ಮೂರು ಉದ್ದ ಬೋಲ್ಟುಗಳಲ್ಲಿ ಒಂದೂವರೆ ಸೆಂಟಿಮೀಟರ್ ಅಂತರ ಬಿಟ್ಟು ಪೋಣಿಸಿದರೆ ಗೂಡು ಸಿದ್ಧ. ಇರುವೆ ಒಳಗೆ ಗೂಡು ಕಟ್ಟದಂತೆ ತಿಂಗಳಿಗೊಮ್ಮೆ ನೋಡಬೇಕು. ಮಕ್ಕಳಿರುವ ಮನೆಗೆ ಇದೇ ಸರಿ. ಪಾದರಸದ್ದು ಒಡೆದರೆ ಕಸಬರಿಗೆಯಿಂದ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರ್ ಅಂತೂ ಕೂಡದು. ಕಿಟಕಿ ತೆರೆದು, ಕೈಗವಸು ಹಾಕಿ, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಮಾಡಿ ಮುಚ್ಚಳದ ಬಾಟಲಿಗೆ ಹಾಕಬೇಕು. ಪಾದರಸವಿಲ್ಲದ ‘ಯು’ ಕೊಳವೆಗಳೂ ಈಗ ಬಂದಿವೆ, ಸಿಕ್ಕರೆ ಅವನ್ನೇ ಆರಿಸಿ. ಹೆಚ್ಚಿನವು ಗುಂಡಿಯ ಬಗೆಯವು, ಆದ್ದರಿಂದ ಒಂಬತ್ತರ ನಿಯಮ ಮರೆಯಬೇಡಿ.

ಮಳೆ ಮಾಪಕವನ್ನು ಜನ ಜೂನ್‌ನಲ್ಲಿ ಕೊಳ್ಳುತ್ತಾರೆ. ಕೊಳ್ಳಬೇಕಾದದ್ದು ಫೆಬ್ರವರಿಯಲ್ಲಿ. ಬೆಂಗಳೂರಿನಲ್ಲಿ ಮಾರ್ಚ್‌ನ ಸರಾಸರಿ ಮಳೆ 15 ಮಿ.ಮೀ. ಸುತ್ತ, ಏಪ್ರಿಲ್‌ನದು 60ರ ಸುತ್ತ. ಒಂದೊಂದು ಮಳೆಯೂ ಬೇರೆ ಬೇರೆಯಾಗಿ ಎಣಿಸಿಕೊಳ್ಳುವ ಕಾಲ ಇದು. ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸರ್ಕಾರದ ಸ್ವಯಂಚಾಲಿತ ಮಾಪಕಗಳಿವೆ ನಿಜ, ಆದರೆ ಏಪ್ರಿಲ್ ಮಳೆ ಒಂದು ಬೀದಿಯಲ್ಲಿ ಸುರಿದು ಮುಂದಿನ ಬೀದಿಯ ಧೂಳನ್ನೂ ನೆನೆಸದೆ ಹೋಗುವಂಥದ್ದು. ಕೊಡಗು, ಚಿಕ್ಕಮಗಳೂರಿನ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟು ಅಂದರೆ ಒಂದಿಂಚು, 25.4 ಮಿ.ಮೀ. ಕಾಫಿಯ ಹೂಮಳೆಗೆ ಆ ಒಂದಿಂಚೇ ಅಳತೆ. ಅಷ್ಟು ಬಿದ್ದರೆ ಎಂಟು–ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಅರೆಬರೆ ಬಿದ್ದರೆ ಮೊಗ್ಗು ಅರಳದೆ ಕೆಂಪಗೆ ನಿಂತುಬಿಡುತ್ತದೆ, ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ಎಷ್ಟು ಕೊರತೆ ಎಂದು ಹೇಳುವುದು ಮಾಪಕವೇ.

ಅಂಗಡಿಯ ಪ್ಲಾಸ್ಟಿಕ್ ಮಾಪಕಗಳಲ್ಲಿ ಬೆರಳು ಗಾತ್ರದ ಬಾಯಿ ಇರುವ ಕೊಳವೆಯನ್ನು ಕೊಳ್ಳಬೇಡಿ. ಗಾಳಿ ಸೇರಿದ ಮಳೆಯಲ್ಲಿ ಅದು ಹಿಡಿಯುವುದಕ್ಕಿಂತ ಬಿಡುವುದೇ ಹೆಚ್ಚು. ಅಗಲ ಬಾಯಿಯದು ಸಿಗದಿದ್ದರೆ 20 ಸೆಂ.ಮೀ. ವ್ಯಾಸದ ಲಾಳಿಕೆ, ಒಂದು ಕ್ಯಾನು, ಔಷಧಿ ಅಂಗಡಿಯ ಅಳತೆ ಲೋಟ ಸಾಕು. ಆ ಲಾಳಿಕೆಯ ಬಾಯಿ 314 ಚದರ ಸೆಂ.ಮೀ.; ಆದ್ದರಿಂದ 31.4 ಮಿ.ಲೀ. ನೀರು ಅಂದರೆ ಒಂದು ಮಿ.ಮೀ. ಮಳೆ. ಲಾಳಿಕೆಯ ಅಂಚು ನೆಲದಿಂದ ಒಂದಡಿ ಮೇಲೆ ಮಟ್ಟವಾಗಿರಲಿ. ಹತ್ತಡಿಯ ಗೋಡೆಯಿಂದ ಇಪ್ಪತ್ತಡಿಯಾದರೂ ದೂರವಿರಲಿ. ಬೇಸಿಗೆ ಮಳೆಯನ್ನು ನಿಂತ ಕೂಡಲೇ ಅಳೆಯಿರಿ. ಮರುದಿನ ಬೆಳಿಗ್ಗೆವರೆಗೆ ಬಿಟ್ಟರೆ ಸಣ್ಣ ಮಳೆಯ ಒಂದು ಪಾಲು ಆವಿಯಾಗಿ ಹೋಗಿರುತ್ತದೆ. ಆಲಿಕಲ್ಲು ಬಿದ್ದರೆ ತೆಳು ಅಕ್ರಿಲಿಕ್ ಸೀಳುತ್ತದೆ, ಜಿಐ ಶೀಟಿನ ಲಾಳಿಕೆ ತಡೆಯುತ್ತದೆ. ಅಶ್ವಿನಿ ಹುಟ್ಟುವ ಮುಂಚೆ ಲಾಳಿಕೆಯ ಕತ್ತಿನಲ್ಲಿ ಸೇರಿದ ಹೊಂಗೆ ಹೂವು, ಬೇವಿನ ಹೂವು ತೆಗೆಯದಿದ್ದರೆ ಮೊದಲ ಮಳೆಯೇ ಲೆಕ್ಕ ತಪ್ಪುತ್ತದೆ.

ಉಳಿದದ್ದು ಗುಂಡಗಿನ ಹಿತ್ತಾಳೆ ಬಣ್ಣದ ಸೆಟ್ಟು: ಒಂದು ಮುಳ್ಳು ಉಷ್ಣಾಂಶಕ್ಕೆ, ಒಂದು ತೇವಾಂಶಕ್ಕೆ, ಒಂದು ಗಾಳಿಯ ಒತ್ತಡಕ್ಕೆ. ಉಡುಗೊರೆಗೆ ಚೆನ್ನ. ತೇವಾಂಶದ ಮುಳ್ಳನ್ನು ಪರೀಕ್ಷಿಸಲು ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಕೆಲವು ಹನಿ ನೀರಿನಿಂದ ಗಟ್ಟಿ ಹಿಟ್ಟಿನಂತೆ ನೆನೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹನ್ನೆರಡು ಗಂಟೆ ಮುಚ್ಚಿಡಿ. ಒಳಗೆ ಶೇ 75 ಇರುತ್ತದೆ. ಅಗ್ಗದ ಮುಳ್ಳುಗಳು ಹತ್ತು ಹದಿನೈದು ಕಡಿಮೆ ಹೆಚ್ಚು ತೋರಿಸುವುದು ಅಪರೂಪವಲ್ಲ. ಒತ್ತಡದ ಮುಳ್ಳಿನದು ಇನ್ನೂ ತಮಾಷೆ. ಅಂಕಿಪಟ್ಟಿ ಸಮುದ್ರಮಟ್ಟಕ್ಕೆ ಬರೆದದ್ದು. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಇಲ್ಲಿನ ಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು. ಪೆಟ್ಟಿಗೆಯಿಂದ ತೆಗೆದ ಕ್ಷಣದಿಂದ ಮುಳ್ಳು ‘ಬಿರುಗಾಳಿ’ಯಲ್ಲೇ ಸಿಕ್ಕಿಕೊಂಡಿರುತ್ತದೆ, ಹೊರಗೆ ಎಷ್ಟೇ ಚೆಂದದ ಬಿಸಿಲಿರಲಿ. ಹಿಂದಿನ ತಿರುಪು ತಿರುಗಿಸಿ ಸರಿಮಾಡಿದರೂ ನಮ್ಮ ಅಕ್ಷಾಂಶದಲ್ಲಿ ಒತ್ತಡ ದಿನಾ ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ ಸಂಜೆ ನಾಲ್ಕಕ್ಕೆ ಮೂರು ನಾಲ್ಕು ಅಂಕಿ ಇಳಿಯುತ್ತದೆ. ಮಳೆ ಬರಲಿ ಬಿಡಲಿ ಆ ಏರಿಳಿತ ನಡೆದೇ ಇರುತ್ತದೆ. ಆ ಹಣದಲ್ಲಿ ಇನ್ನೊಂದು ‘ಯು’ ಥರ್ಮಾಮೀಟರ್ ತಂದು ಟೆರೇಸಿನ ಕುಂಡಗಳ ನಡುವೆ, ಗಿಡದ ಎತ್ತರದಲ್ಲಿ, ನೆರಳು ಮಾಡಿ ಕಟ್ಟಿ. ಹಿತ್ತಲಿನದಕ್ಕೂ ಅದಕ್ಕೂ ಮಾರ್ಚ್‌ನಲ್ಲಿ ಎಷ್ಟು ವ್ಯತ್ಯಾಸ ಬಂತೆಂದು ನೋಡಿದರೆ ನೆರಳು ಬಲೆ ಎಲ್ಲಿ ಕಟ್ಟಬೇಕೆಂದು ಗೊತ್ತಾಗುತ್ತದೆ.